ಸಾಬಮ್ಮನ ಪಾತರಗಿತ್ತಿ ಮೀನು

ನಮ್ಮ ನಡುಮನೆಯಲ್ಲಿ ನಾಲ್ಕಡಿ ಉದ್ದದ ಒಂದು ಗಾಜಿನ ತೊಟ್ಟಿ ಇದೆ. ಅದರಲ್ಲಿ ಈಗ ಈರುಳ್ಳಿ, ಆಲೂಗಡ್ಡೆ ವಾಸವಾಗಿವೆ. ಮನೆಗೆ ಬಂದವರೆಲ್ಲ ಮೊದಲು ಅದರ ಮುಂದೆ ನಿಂತು, ಭಲೇ ಐಡಿಯಾ ಮೇಡಮ್, ಬೆಳಕು ಚೆನ್ನಾಗಿ ಬೀಳುತ್ತೆ ಎಂದು ಹೊಗಳುತ್ತಾರೆ. ಬೆಳಕೇನೋ ಬೀಳುತ್ತದೆ, ಅದಕ್ಕೇ ಈರುಳ್ಳಿ ವಾರದೊಳಗೆ ಮೊಳಕೆ ಒಡೆದು, ಆಲೂಗಡ್ಡೆ ಹಸಿರುಗಟ್ಟಿ, ಅರ್ಧಕ್ಕರ್ಧ ಕಸದ ಬುಟ್ಟಿ ಸೇರುತ್ತವೆ. ಆದರೂ ನಾನು ಹೂಂಗುಟ್ಟುತ್ತೇನೆ. ಮಾರಿಬಿಡಬಾರದೇ ಎಂದು ನೀವು ಕೇಳಬಹುದು. ಕೊಳ್ಳಲು ಬಂದವರು ಒಳಗಿದ್ದ ಮೀನು ಏನಾದವು ಎಂದು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ಹೆದರಿ ಮಾರಿಲ್ಲ.

ನಾನು ಕಾರವಾರದವಳು. ಹೈದರಾಬಾದಿನ ತಾರ್ನಾಕಕ್ಕೆ ಬಂದು ಇಪ್ಪತ್ತಾರು ವರ್ಷವಾಯಿತು. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಸಿಕ್ಕ ತೆಲುಗು ಹುಡುಗನನ್ನು ಮದುವೆಯಾಗಿ ಬಂದವಳು. ಆ ಹುಡುಗ ಈಗ ಸಿಕಂದರಾಬಾದಿನ ರೈಲ್ವೆ ಕಚೇರಿಯಲ್ಲಿ ತಲೆ ನರೆಸಿಕೊಂಡು ಕೂತಿದ್ದಾರೆ. ಇಷ್ಟು ವರ್ಷದಲ್ಲಿ ಅವರು ಕಲಿತ ಕನ್ನಡವೆಂದರೆ "ಊಟ ಆಯ್ತಾ" ಒಂದೇ. ಅದನ್ನೂ ನಾನು ಸಿಟ್ಟಿನಲ್ಲಿರುವಾಗಲೇ ಬಳಸುತ್ತಾರೆ. ನಾನು ಒಂದು ಜೂನಿಯರ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಪಾಠ ಇಂಗ್ಲಿಷಿನಲ್ಲಿ, ಬೈಗುಳ ತೆಲುಗಿನಲ್ಲಿ, ತರಕಾರಿಯ ಚೌಕಾಸಿ ಹಿಂದಿಯಲ್ಲಿ. ಕನ್ನಡಕ್ಕೆ ಕೆಲಸವೇ ಇರಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿದಾಗ ಬಾಯಿಂದ ಬೀಳುವ "ಅಯ್ಯೋ ಮಾರಾಯಾ" ಎಷ್ಟೋ ದಿನ ನನ್ನ ಒಟ್ಟು ಕನ್ನಡವಾಗಿರುತ್ತಿತ್ತು.

ಕಾರವಾರದಲ್ಲಿ ನಮ್ಮ ಮನೆಯಿಂದ ಎರಡು ಬೇಲಿ ದಾಟಿದರೆ ಸಮುದ್ರ. ಇಳಿತದ ಹೊತ್ತಿಗೆ ಬಂಡೆಗಳ ನಡುವೆ ನೀರು ನಿಂತು ಸಣ್ಣ ಸಣ್ಣ ಗುಂಡಿಗಳಾಗುತ್ತಿದ್ದವು. ಹೆಂಗಸರು ಬೆನ್ನು ಬಗ್ಗಿಸಿ ಚಿಪ್ಪಿಕಲ್ಲು ಕೀಳುತ್ತಿದ್ದರೆ ನಾನು ಮೊಣಕಾಲೂರಿ ಗುಂಡಿಗೆ ಮುಖ ಹಾಕಿಕೊಂಡು ಕೂರುತ್ತಿದ್ದೆ. ಒಂದು ದಿನ ಅಲ್ಲೊಂದು ಮೀನು ಕಂಡಿತು. ಹೆಬ್ಬೆರಳಿನ ಉಗುರಿನಷ್ಟಿತ್ತು. ಹಳದಿ ಮೈ, ಕಣ್ಣಿನ ಮೇಲೆ ಕಪ್ಪು ಪಟ್ಟಿ. ಟಿಫಿನ್ ಡಬ್ಬಿಯಲ್ಲಿ ಹಿಡಿದು ಮನೆಗೆ ತಂದೆ. ಪಾಪ, ಬಿಸಿಲಲ್ಲಿ ಬೆಂದಿದೆ, ತಂಪಾಗಲಿ ಎಂದು ಬಾವಿಯ ನೀರು ತುಂಬಿದ ಬಕೆಟ್ಟಿಗೆ ಬಿಟ್ಟೆ. ಗಂಟೆಯೊಳಗೆ ಮಗುಚಿ ತೇಲಿತು. ಅಮ್ಮ ಬಂಗಡೆ ಕೊಯ್ಯುತ್ತಿದ್ದಲ್ಲಿಂದಲೇ, "ಉಪ್ಪಲ್ಲಿ ಹುಟ್ಟಿದ್ದು ಸೀನೀರಲ್ಲಿ ಬದುಕ್ತದೇನೇ?" ಎಂದಳು. "ನೀರಿಂದ ಅಲ್ಲ, ಬಿಸಿಲಿಗೆ ಸತ್ತದ್ದು" ಎಂದೆ ನಾನು. ಹಾಗೆ ಎಂಟನೆಯ ವಯಸ್ಸಿನಲ್ಲೇ ನನ್ನ ತಪ್ಪನ್ನು ಸೂರ್ಯನ ಮೇಲೆ ಹೊರಿಸಿದ್ದೆ. ಸೂರ್ಯನಿಗೆ ಅದರಿಂದ ಏನೂ ತೊಂದರೆಯಾಗಲಿಲ್ಲ.

ನನಗೆ ಐವತ್ತು ತುಂಬಿದ ವರ್ಷ ನಮ್ಮವರು ಏನು ಬೇಕೆಂದು ಕೇಳಿದರು. ಈ ಊರಿನ ಗಂಡಂದಿರು ಹಾಗೆ ಕೇಳುವಾಗ ಮುತ್ತಿನ ಸರ ಎಂಬ ಉತ್ತರಕ್ಕೆ ತಯಾರಾಗಿಯೇ ಇರುತ್ತಾರೆ. ನಾನು "ಸಮುದ್ರ" ಎಂದೆ. ಕೆರೆಗೂ ಸಾಗರ ಎಂದು ಹೆಸರಿಟ್ಟುಕೊಂಡಿರುವ ಊರಿನಲ್ಲಿ ಅದೇನು ಮಹಾ ಎನ್ನುವಂತೆ ಅವರು ನನ್ನನ್ನು ಸಿಕಂದರಾಬಾದಿನ ಅಕ್ವೇರಿಯಂ ಅಂಗಡಿಗೆ ಕರೆದುಕೊಂಡು ಹೋದರು.

ಉಪ್ಪುನೀರಿನ ಮೀನು ಸಾಕುವುದರಲ್ಲಿ ಮುಕ್ಕಾಲು ಪಾಲು ನೀರನ್ನೇ ಸಾಕುವ ಕೆಲಸ. ಫಿಲ್ಟರಿನ ನೀರಿಗೆ ಪ್ಯಾಕೆಟ್ಟಿನ ಸಮುದ್ರದುಪ್ಪು ಕಲಸಿ, ಅಳೆದು, ಕಲ್ಲು ಜೋಡಿಸಿ, ಮೀನೇ ಇಲ್ಲದ ತೊಟ್ಟಿಯನ್ನು ಒಂದೂವರೆ ತಿಂಗಳು ನೋಡುತ್ತ ಕೂರಬೇಕು. ಆಮೇಲೂ ಬಿಡುವಿಲ್ಲ. ಇಲ್ಲಿನ ಬಿಸಿಲಿಗೆ ದಿನಕ್ಕೆ ಎರಡು ಮೂರು ಲೀಟರ್ ನೀರು ಆವಿಯಾಗುತ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ದಿನಾ ಬೆಳಿಗ್ಗೆ ಸೀನೀರನ್ನೇ ಸೇರಿಸಿ ಮಟ್ಟ ಸರಿಮಾಡಬೇಕು. "ನೀರು ಹೋಗುತ್ತದೆ, ಕರಗಿದ್ದು ಉಳಿಯುತ್ತದೆ" ಎಂದು ಇದನ್ನು ಬಂದವರಿಗೆಲ್ಲ ಸೀಮೆಸುಣ್ಣ ಹಿಡಿದ ದನಿಯಲ್ಲಿ ವಿವರಿಸುತ್ತಿದ್ದೆ. ಈ ವಾಕ್ಯ ನನಗೆಷ್ಟು ಚೆನ್ನಾಗಿ ಗೊತ್ತಿತ್ತು ಎಂಬುದನ್ನು ದಯವಿಟ್ಟು ನೆನಪಿಡಿ.

ಅಂಗಡಿಯ ಸಾಹೇಬರು ಗಡ್ಡಕ್ಕೆ ಮೆಹಂದಿ ಹಚ್ಚಿದ ಸೌಮ್ಯ ಮನುಷ್ಯ. ನಾನು ಬಟರ್‌ಫ್ಲೈ ಮೀನಿನ ಜೋಡಿಗೆ ಬೆರಳು ತೋರಿಸಿದಾಗ, "ಯೇ ನಕ್ಕೋ ಮೇಡಮ್, ಖಾನಾ ನೈ ಖಾತೆ" ಎಂದರು. ಬೇಡ, ಇವು ಸುಲಭಕ್ಕೆ ಊಟ ಮುಟ್ಟುವುದಿಲ್ಲ ಎಂದು. ಇವುಗಳ ಪೈಕಿ ಕೆಲವು ಜಾತಿಯವು ಹವಳದ ಹುಳವನ್ನಲ್ಲದೆ ಬೇರೇನೂ ತಿನ್ನದೆ, ಸುತ್ತ ಆಹಾರ ತೇಲುತ್ತಿರುವಾಗಲೇ ಉಪವಾಸ ಸಾಯುತ್ತವಂತೆ. ಈ ಜಾತಿ ಅಷ್ಟು ಹಟದ್ದಲ್ಲ, ಆದರೂ ಹೊಸಬರಿಗೆ ಬೇಡ ಎಂದರು. ನಾನು ಕೆಮಿಸ್ಟ್ರಿ ಲೆಕ್ಚರರ್ ಎಂದೆ. ಅವರು ಬಲೆ ತೆಗೆದುಕೊಂಡರು.

ಬಿಳಿ ಮೈಮೇಲೆ ಓರೆ ಗೆರೆಗಳು, ಹಿಂದಕ್ಕೆ ಹೋಗುತ್ತ ಅರಿಶಿನ ಬಣ್ಣ, ಮುಂದಕ್ಕೆ ಚಿಮಟದಂಥ ಚೂಪು ಮೂತಿ. ನಿಜವಾದ ಕಣ್ಣು ಕಪ್ಪು ಪಟ್ಟಿಯೊಳಗೆ ಮುಚ್ಚಿಹೋಗಿದ್ದರೆ, ಬಾಲದ ಹತ್ತಿರದ ರೆಕ್ಕೆಯ ಮೇಲೆ ಕಣ್ಣಿನಂಥ ಕಪ್ಪು ಚುಕ್ಕೆ. ಕಚ್ಚಲು ಬಂದ ಶತ್ರು ಬಾಲವನ್ನೇ ತಲೆಯೆಂದುಕೊಂಡು ಮೋಸಹೋಗಲಿ ಎಂದು ಈ ಏರ್ಪಾಡು. ಮನೆಗೆ ಬಂದ ಜೋಡಿ ಕಲ್ಲಿನ ಹಿಂದೆ ಅವಿತು ನಾಲ್ಕು ದಿನ ಒಂದು ತುತ್ತೂ ಮುಟ್ಟಲಿಲ್ಲ. ಕಾಳು ಹಾಕಿದೆ, ಸಿಗಡಿ ಹೆಚ್ಚಿ ಹಾಕಿದೆ, ಮುನಿಸಿಕೊಂಡ ನೆಂಟರಂತೆ ಮುಖ ತಿರುಗಿಸಿದವು.

ಇಲ್ಲಿ ಸಾಬಮ್ಮ ಬರುತ್ತಾಳೆ. ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಯವಳು. ಗಂಡ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ, ಇವಳು ನಮ್ಮದೂ ಸೇರಿ ನಮ್ಮ ಅಪಾರ್ಟ್‌ಮೆಂಟಿನ ಐದು ಮನೆಗಳಲ್ಲಿ ಕಸ ಮುಸುರೆ ಮಾಡುತ್ತಿದ್ದಳು. ಕೆಲಸಕ್ಕೆ ಸೇರಿದ ಮೊದಲ ತಿಂಗಳು ನಾವಿಬ್ಬರೂ ಹಿಂದಿ ತೆಲುಗು ಬೆರೆಸಿದ ಹರಕು ಮಾತಿನಲ್ಲಿ ಒಬ್ಬರನ್ನೊಬ್ಬರು ಹಿಂಸೆಪಡಿಸಿದ್ದೆವು. ಒಂದು ಬೆಳಿಗ್ಗೆ ಕಾದ ಹಂಚು ತಾಗಿ ಅವಳು "ಯವ್ವಾ, ಕೈ ಸುಟ್ಟಿತಲ್ಲೋ!" ಎಂದು ಕೈ ಕೊಡವಿದಳು. ಅವಳ ಕೈಗೆ ನೀರು ಹಾಕುವುದು ಬಿಟ್ಟು ನಾನು, "ನೀನು ಕನ್ನಡದವಳೇನೇ!" ಎಂದು ಕೂಗಿದೆ. ನಗು ಬರುತ್ತದೆ ಈಗ. ಅವತ್ತಿನಿಂದ ಅವಳಿಗೆ ನಾನು "ಅಕ್ಕೋರು"; ಅವಳ ಊರಲ್ಲಿ ಶಾಲೆಯ ಟೀಚರಮ್ಮನಿಗೆ ಹಾಗೆನ್ನುತ್ತಾರೆ. ನನ್ನ "ಎಂತ ಮಾರಾಯ್ತಿ"ಗೆ ಅವಳು ನಗುವಳು, ಅವಳ "ಭಾಳ ಚೊಲೊ ಆತ್ರಿ"ಗೆ ನಾನು ನಗುವೆ. ಬೆಳಗಿನ ಆ ಮುಕ್ಕಾಲು ಗಂಟೆಗೆ ನಾನು ಕಾಯುತ್ತಿದ್ದೆ. ಅವಳು ಪಾತ್ರೆ ತಿಕ್ಕುವಾಗ ಅಡಿಗೆಮನೆಯಲ್ಲಿ ನನಗೇನೂ ಕೆಲಸವಿಲ್ಲದಿದ್ದರೂ ನಿಂತಿರುತ್ತಿದ್ದೆ.

ಮೀನನ್ನು ನೋಡಿದ ದಿನ ಅವಳು ಪೊರಕೆ ಹಿಡಿದುಕೊಂಡೇ ನೆಲಕ್ಕೆ ಕೂತುಬಿಟ್ಟಳು.

"ಪಾತರಗಿತ್ತಿ ಇದ್ದಂಗ ಅದಾವಲ್ರಿ ಅಕ್ಕೋರ! ನೀರಾಗ ಪಾತರಗಿತ್ತಿ!"

"ಚೆಂದ ಇದ್ದು ಎಂತ ಮಾಡೋದು? ಉಣ್ಣೂದಿಲ್ಲ."

"ಬೆಳ್ಳುಳ್ಳಿ ಜಜ್ಜಿ ಹಚ್ಚಿ ಕೊಡ್ರಿ. ನಮ್ಮ ಸಣ್ಣಾಕಿ ಜ್ವರ ಬಂದು ಉಣ್ಣೂದು ಬಿಟ್ಟಿದ್ಲಲ್ರಿ, ಬೆಳ್ಳುಳ್ಳಿ ವಾಸನಿಗೇ ಬಾಯಿ ತಗದ್ಲು."

ಮೀನಿಗೆ ಒಗ್ಗರಣೆಯೂ ಹಾಕಲೇ ಎಂದು ನಾನು ಗೇಲಿ ಮಾಡಿದೆ. ಅವಳು ನನ್ನ ಗೇಲಿಯನ್ನು ಕಿವಿಗೆ ಹಾಕಿಕೊಳ್ಳದೆ ಸಿಗಡಿಗೆ ಬೆಳ್ಳುಳ್ಳಿ ಅರೆದು, ಆ ಮುದ್ದೆಯನ್ನು ಒಂದು ಸತ್ತ ಹವಳದ ತುಂಡಿನ ತೂತುಗಳಿಗೆ ಮೆತ್ತಿ, ನನ್ನ ಕೈಯಿಂದಲೇ ನೀರಿಗೆ ಇಳಿಸಿದಳು. ಹತ್ತು ನಿಮಿಷ. ಚಿಮಟ ಮೂತಿ ಕಲ್ಲಿನ ಹಿಂದಿನಿಂದ ಹೊರಬಂತು, ಒಂದು ಸಲ ಕುಕ್ಕಿತು, ಇನ್ನೊಂದು ಸಲ ಕುಕ್ಕಿತು. ಸಾಬಮ್ಮ ಚಪ್ಪಾಳೆ ತಟ್ಟಿ, ನನ್ನ ತೋಳು ಹಿಡಿದು ಅಲುಗಾಡಿಸಿದಳು. ಆಮೇಲೆ ಅಂಗಡಿಯ ಸಾಹೇಬರಿಗೆ ಇದನ್ನು ಹೇಳಿದಾಗ, ಹೌದು, ಬಲ್ಲವರು ಬೆಳ್ಳುಳ್ಳಿ ಹಾಕುತ್ತಾರೆ ಎಂದು ತಲೆದೂಗಿದರು. ಉಪಾಯ ನನ್ನದೇ ಎಂಬಂತೆ ನಾನು ಸುಮ್ಮನೆ ನಕ್ಕೆ.

ಸಾಬಮ್ಮ ಸಮುದ್ರ ನೋಡಿರಲಿಲ್ಲ. "ಸಮುದ್ರದ ನೀರಂದ್ರ ಇದs ಏನ್ರಿ?" ಎಂದು ಕೇಳಿದ್ದಳು. "ಇದೇ. ಅದು ಇದಕ್ಕಿಂತ ಚೂರು ದೊಡ್ಡದು" ಎಂದೆ. ಮರು ಅಮಾವಾಸ್ಯೆಗೆ ನೋಡಿದರೆ ತೊಟ್ಟಿಯ ಗಾಜಿನ ಮೇಲೆ ಅರಿಶಿನ ಕುಂಕುಮದ ಎರಡು ಬೊಟ್ಟು. "ಗಂಗವ್ವ ಅಲ್ಲೇನ್ರಿ, ಮನಿಗಿ ಬಂದಾಳ" ಎಂದಳು. ನನಗೂ ಅದು ಇಷ್ಟವಾಗಿತ್ತು. ಇಷ್ಟವಾಗಿತ್ತು ಎಂದು ಈಗ ಒಪ್ಪಿಕೊಳ್ಳುವುದೇ ಕಷ್ಟ.

ಅದೇ ಸುಮಾರಿಗೆ ನಮ್ಮ ಮನೆಗೊಂದು ತಾಮ್ರದ ಕೊಡ ಬಂತು, ಕೆಳಗೆ ನಲ್ಲಿ ಇರುವಂಥದ್ದು. ರಾತ್ರಿಯಿಡೀ ತಾಮ್ರದಲ್ಲಿದ್ದ ನೀರನ್ನು ಬೆಳಿಗ್ಗೆ ಕುಡಿದರೆ ಆರೋಗ್ಯ ಎಂಬ ಗಾಳಿ ನಮ್ಮ ಸ್ಟಾಫ್ ರೂಮಿನಲ್ಲಿ ಬೀಸಿತ್ತು. ಫಿಲ್ಟರಿನ ನೀರನ್ನು ಅದಕ್ಕೆ ತುಂಬಿಡುತ್ತಿದ್ದೆ. ಬೆಳಿಗ್ಗೆ ಎದ್ದು ನನಗೊಂದು ಲೋಟ, ನಮ್ಮವರಿಗೊಂದು ಲೋಟ, ಮಿಕ್ಕ ಎರಡು ಮೂರು ಲೀಟರ್ ಮೀನಿಗೆ. ನಮಗೆ ಒಳ್ಳೆಯದು ಅವಕ್ಕೂ ಒಳ್ಳೆಯದೇ ಎಂಬ ಧಾರಾಳ. ಸಾಬಮ್ಮ ಪ್ರತಿ ಶುಕ್ರವಾರ ಹುಣಸೆಹಣ್ಣು ಹಾಕಿ ಆ ಕೊಡವನ್ನು ಫಳಫಳ ಬೆಳಗುತ್ತಿದ್ದಳು. ಒಂದು ದಿನ ನಾನು ತೊಟ್ಟಿಗೆ ನೀರು ಸುರಿಯುವುದನ್ನು ನೋಡಿ ನಿಂತಳು.

"ಅಕ್ಕೋರ, ಉಪ್ಪಿಗಿ ತಾಮ್ರ ಆಗಂಗಿಲ್ರಿ. ನಮ್ಮವ್ವ ತಾಮ್ರದಾಗ ಮಜ್ಜಗಿ ಸೈತ ಇಡಗೊಡ್ತಿದ್ದಿಲ್ಲ. ಕಿಲುಬು ಏಳ್ತೈತ್ರಿ."

"ಸಾಬಮ್ಮ, ಉಪ್ಪು ಇರೋದು ಇಲ್ಲಿ ತೊಟ್ಟಿಲಿ. ತಾಮ್ರ ಇರೋದು ಅಲ್ಲಿ ಅಡಿಗೆಮನೇಲಿ. ಒಂದನ್ನೊಂದು ಮುಟ್ಟೂದೇ ಇಲ್ಲ. ನಾನು ಕಾಲೇಜಲ್ಲಿ ಎಂತ ಕಲಿಸ್ತೆ ಗೊತ್ತುಂಟಾ?"

"ಇಲ್ರಿ."

"ಇದನ್ನೇ."

ಅವಳು ನಕ್ಕು ಪೊರಕೆ ಎತ್ತಿಕೊಂಡಳು. ಮತ್ತೆ ಆ ಮಾತು ಎತ್ತಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ, ಪಾಚಿ ತಿನ್ನಲೆಂದು ತೊಟ್ಟಿಗೆ ಬಿಟ್ಟಿದ್ದ ಬಸವನಹುಳಗಳು ಒಂದೊಂದಾಗಿ ಗಾಜಿನಿಂದ ಕಳಚಿ ಬಿದ್ದವು. ಆಮೇಲೆ ಅವುಗಳ ಜೊತೆಗೆ ಬಿಟ್ಟಿದ್ದ ಸಿಗಡಿಗಳು ಸತ್ತವು. ದಸರೆಯ ರಜೆಯಲ್ಲಿ ಪಾತರಗಿತ್ತಿಗಳು ಊಟ ಬಿಟ್ಟವು, ಬೆಳ್ಳುಳ್ಳಿಗೂ ಬರಲಿಲ್ಲ. ಒಂದು ಬುಧವಾರ ಬೆಳಿಗ್ಗೆ, ಸಾಬಮ್ಮ ಕೆಲಸ ಮುಗಿಸಿ ಹೋದ ಮೇಲೆ ನೋಡಿದರೆ, ದೊಡ್ಡದು ಕಲ್ಲಿನ ಸಂದಿಯಲ್ಲಿ ಅಡ್ಡಬಿದ್ದಿತ್ತು. ಇನ್ನೊಂದು ಅದರ ಪಕ್ಕದಿಂದ ಕದಲಲಿಲ್ಲ, ಮಧ್ಯಾಹ್ನದೊಳಗೆ ಅದೂ ಹೋಯಿತು. ನಾನು ಅತ್ತೆ. ಮೀನು ತಿಂದು ಬೆಳೆದ ಕಾರವಾರದ ಹೆಂಗಸು ಎರಡು ಮೀನಿಗಾಗಿ ಬಿಕ್ಕಿ ಬಿಕ್ಕಿ ಅತ್ತೆ. ಅತ್ತು ಮುಗಿಸಿ ಕಣ್ಣೊರೆಸಿಕೊಂಡು ನೋಡುವಾಗ ತೊಟ್ಟಿಯ ಅಂಚಿನಲ್ಲಿ ಅರಿಶಿನ ಕಂಡಿತು.

ಮಾರನೆಯ ಬೆಳಿಗ್ಗೆ ಸಾಬಮ್ಮ ಬರುವುದನ್ನೇ ಕಾಯುತ್ತಿದ್ದೆ.

"ಇದಕ್ಕೆ ಎಂತ ಹಾಕಿದ್ದೀ?"

"ಏನೂ ಹಾಕಿಲ್ರಿ. ಯಾಕ್ರಿ? ಮೀನ ಎಲ್ಲಿ ಅದಾವ್ರಿ?"

"ಸತ್ವು. ಅರಿಶಿನ ಹಾಕಿದ್ದೀ ನೀನು. ಇಲ್ಲಿದೆ ನೋಡು."

"ಗ್ಲಾಸಿಗಿ ಹಚ್ಚೀನ್ರಿ, ಹೊರಗ. ನೀರಾಗ ಬೆರಳ ಸೈತ ಅದ್ದಿಲ್ಲ. ನಮ್ಮವ್ವನ ಆಣಿ."

"ಆಣೆ ಗೀಣೆ ಬೇಡ. ಫಿನಾಯಿಲ್ ಕೈಯಲ್ಲೇ ಮುಟ್ಟಿರ್ತೀ. ಇಲ್ದಿದ್ರೆ ಎಂತಕ್ಕೆ ಸಾಯ್ತವೆ?"

"ಅವಕ್ಕ ಉಣ್ಣಾಕ ಕಲಿಸಿದಾಕಿ ನಾನಲ್ರಿ ಅಕ್ಕೋರ. ನಾನ್ಯಾಕ ಸಾಯಸ್ಲಿ?"

ಉತ್ತರವಿಲ್ಲದಿದ್ದಾಗ ಮೇಷ್ಟ್ರುಗಳು ದನಿ ಏರಿಸುತ್ತಾರೆ. ನಾನು ಏರಿಸಿದೆ. ನಾಳೆಯಿಂದ ಬರಬೇಡ ಎಂದೆ. ಅವಳು ನೆಲ ಒರೆಸುವ ಬಟ್ಟೆಯನ್ನು ಹಿಂಡಿ, ಹಗ್ಗಕ್ಕೆ ಹಾಕಿ, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದಳು. ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ನಾನು ಫೋನು ಎತ್ತಿಕೊಂಡು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ, ಒಳ್ಳೆಯ ಇಂಗ್ಲಿಷಿನಲ್ಲಿ, ಸಾಬಮ್ಮ ಎಂಬ ಕೆಲಸದವಳು ನನ್ನ ಮೀನುಗಳ ನೀರಿಗೆ ಏನೋ ಬೆರೆಸಿ ಸಾಯಿಸಿದ್ದಾಳೆ, ಮನೆಯಲ್ಲಿ ಮಕ್ಕಳಿರುವವರು ಎಚ್ಚರದಿಂದಿರಿ ಎಂದು ಬರೆದೆ. ಮಕ್ಕಳ ಮಾತು ಯಾಕೆ ತಂದೆನೋ! ಬರವಣಿಗೆಗೆ ತೂಕ ಬರಲಿ ಎಂದಿರಬೇಕು.

ಬಂತು ತೂಕ. ಸಂಜೆಯೊಳಗೆ ಉಳಿದ ನಾಲ್ಕು ಮನೆಯವರೂ ಅವಳನ್ನು ಬಿಡಿಸಿದರು. ಗೇಟಿನ ಪಟ್ಟಿಯಿಂದ ಅವಳ ಹೆಸರು ತೆಗೆಸಿದರು. ಮಾರನೆಯ ದಿನ ಅವಳು ಬಂದು, ಅಕ್ಕೋರನ್ನು ಒಂದು ಮಾತು ಕೇಳಬೇಕು ಎಂದು ಗೇಟಿನಲ್ಲಿ ತುಂಬಾ ಹೊತ್ತು ನಿಂತಿದ್ದಳಂತೆ. ವಾಚ್‌ಮನ್ ಇಂಟರ್‌ಕಾಮಿನಲ್ಲಿ ನನ್ನನ್ನು ಕೇಳಿದ. ನಾನು ಮನೆಯಲ್ಲಿಲ್ಲ ಎಂದು ಹೇಳು ಎಂದೆ.

ಹೊಸ ಕೆಲಸದವಳು ಚುರುಕು. ತೆಲುಗಿನವಳು, ಟೀವಿ ಜೋರಾಗಿ ಹಾಕಿಕೊಂಡು ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಸುತ್ತಾಳೆ. ನಾನು ತೊಟ್ಟಿಯ ಅರ್ಧ ನೀರು ಬದಲಿಸಿ, ಡಿಸೆಂಬರಿನಲ್ಲಿ ಇನ್ನೊಂದು ಜೋಡಿ ಪಾತರಗಿತ್ತಿ ತಂದೆ. ಜೊತೆಗೆ ನಾಲ್ಕು ಸಿಗಡಿ. ಸಿಗಡಿಗಳು ಎರಡೇ ದಿನ ಉಳಿದವು. ಮೀನುಗಳು ಮೂರು ವಾರ. ಈ ಸಲ ಬೈಯಲು ಮನೆಯಲ್ಲಿ ಯಾರೂ ಇರಲಿಲ್ಲ, ಹಾಗಾಗಿ ಬಾಟಲಿಯಲ್ಲಿ ನೀರು ತುಂಬಿಕೊಂಡು ಅಂಗಡಿಗೆ ಹೋದೆ.

ಸಾಹೇಬರು ಸಣ್ಣ ಗಾಜಿನ ನಳಿಗೆಗೆ ನೀರು ಹಾಕಿ, ಯಾವುದೋ ಹನಿ ಬಿಟ್ಟು, ಅಲ್ಲಾಡಿಸಿ, ಬೆಳಕಿಗೆ ಹಿಡಿದರು. ಬಣ್ಣ ತಿರುಗಿತು. "ಅರೇ ಮೇಡಮ್, ಇತ್ತಾ ತಾಂಬಾ ಕಾಂಸೆ ಆಯಾ?" ಎಂದರು. ಇಷ್ಟು ತಾಮ್ರ ಎಲ್ಲಿಂದ ಬಂತು? ಮನೆಯಲ್ಲಿ ತಾಮ್ರದ ಪಾತ್ರೆ ಇದೆಯೇ?

ತಾಮ್ರ ಇದೆಯೋ ಇಲ್ಲವೋ ಎಂದು ಹನಿ ಹಾಕಿ ಬಣ್ಣ ನೋಡುವ ಈ ಪ್ರಯೋಗವನ್ನು ನಾನು ಪ್ರತಿ ವರ್ಷ ಲ್ಯಾಬಿನಲ್ಲಿ ಮಕ್ಕಳಿಂದ ಮಾಡಿಸುತ್ತೇನೆ. ತಪ್ಪು ಬರೆದವರ ಮಾರ್ಕು ಕಳೆಯುತ್ತೇನೆ. ನೀರು ಹೋಗುತ್ತದೆ, ಕರಗಿದ್ದು ಉಳಿಯುತ್ತದೆ. ದಿನಾ ಕೊಡದ ನೀರಿನೊಂದಿಗೆ ಕಣ್ಣಿಗೆ ಕಾಣದಷ್ಟು ತಾಮ್ರ ತೊಟ್ಟಿಗೆ ಇಳಿದಿತ್ತು. ನೀರು ಆವಿಯಾದಾಗ ಅದು ಹೋಗಿರಲಿಲ್ಲ. ತಿಂಗಳುಗಟ್ಟಲೆ ಒಂದರ ಮೇಲೊಂದು ಸೇರಿ ವಿಷವಾಗಿತ್ತು. ಕೊಟ್ಟವಳು ನಾನು, ನನ್ನ ಕೈಯಾರೆ, ಪ್ರತಿ ಬೆಳಿಗ್ಗೆ. ಅಡಿಗೆಮನೆಯ ತಾಮ್ರ ನಡುಮನೆಯ ಉಪ್ಪನ್ನು ಮುಟ್ಟಿತ್ತು. ಅಕ್ಷರ ಬಾರದ ಹೆಂಗಸು ಮಜ್ಜಿಗೆಯ ಲೆಕ್ಕದಲ್ಲಿ ಹೇಳಿದ್ದು ನನ್ನ ಎಂ.ಎಸ್ಸಿ.ಗೆ ಹೊಳೆದಿರಲಿಲ್ಲ.

ನಮ್ಮವರಿಗೆ ಹೇಳಿದೆ. ಅವರು ನಗುತ್ತ ತೆಲುಗಿನಲ್ಲಿ, ಗುಂಪಿನಲ್ಲಿ ಇದನ್ನು ಬರೆದರೆ ಕೆಮಿಸ್ಟ್ರಿ ಮೇಡಮ್ ಮರ್ಯಾದೆ ಏನಾಗಬೇಕು ಎಂದರು. ತಮಾಷೆಗೆ ಹೇಳಿದ್ದು. ನಾನು ಅದನ್ನು ಅನುಮತಿಯೆಂದು ತೆಗೆದುಕೊಂಡೆ. ನನ್ನ ವಿದ್ಯಾರ್ಥಿಗಳ ಅಪ್ಪ ಅಮ್ಮಂದಿರು ಆ ಗುಂಪಿನಲ್ಲಿದ್ದಾರೆ. ಎಷ್ಟೋ ಸಲ ಬರೆದೆ, ಓದಿ ನೋಡಿ ಅಳಿಸಿದೆ. ಸಂಕ್ರಾಂತಿ ಹೋಯಿತು, ಪರೀಕ್ಷೆಗಳು ಬಂದವು. ಕೊನೆಗೂ ಅದನ್ನು ಗುಂಪಿಗೆ ಹಾಕಿದ್ದು ಸಾಬಮ್ಮನನ್ನು ಹೋಗಿ ನೋಡಿ ಬಂದ ಮೇಲೆ. ಅದಕ್ಕೆ ಎರಡು ಹೆಬ್ಬೆರಳು ಬಂದವು. ಮೂರನೆಯ ಮಹಡಿಯವರು ತೊಟ್ಟಿ ಮಾರುತ್ತೀರಾ ಎಂದು ಕೇಳಿದರು. ಅಷ್ಟಕ್ಕೆ ನಾನು ಅಷ್ಟು ತಿಂಗಳು ಹೆದರಿದ್ದೆ.

ಹೋದದ್ದು ಯುಗಾದಿ ಕಳೆದ ಭಾನುವಾರ. ವಾಚ್‌ಮನ್ ಗುರುತು ಹೇಳಿದ್ದ: ಮಲ್ಕಾಜ್‌ಗಿರಿಯಲ್ಲಿ ರೈಲು ಹಳಿಯ ಪಕ್ಕ, ಕಟ್ಟುತ್ತಿರುವ ಬಿಲ್ಡಿಂಗಿನ ಹಿಂದೆ ತಗಡಿನ ಶೆಡ್ಡುಗಳು. ಸಾಬಮ್ಮ ಹೊರಗೆ ಮೂರು ಕಲ್ಲಿನ ಒಲೆ ಹೂಡಿ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಅವಳ ಊರಿನವಳೇ ಆದ ಭೀಮವ್ವ ಎಂಬಾಕೆ ಬೇಯಿಸುತ್ತಿದ್ದಳು. ಮನೆಗೆಲಸ ಎಲ್ಲೂ ಸಿಗದೆ ಸಾಬಮ್ಮ ಈಗ ಅವಳ ಜೊತೆ ಗಾರೆ ಹೊರಲು ಹೋಗುತ್ತಿದ್ದಳು. ಸಾಬಮ್ಮನ ಬೆರಳ ತುದಿಗಳು ಸಿಮೆಂಟಿಗೆ ಬಿರಿದಿದ್ದವು.

"ಯವ್ವಾ, ಅಕ್ಕೋರು! ಬರ್ರಿ, ಬರ್ರಿ. ಇಲ್ಲಿ ತನಕ ಬಂದೀರಲ್ರಿ!" ಎಂದು ಎದ್ದು, ಒಂದು ಚೀಲ ಕೊಡವಿ ಹಾಸಿದಳು. "ಕುಂದರ್ರಿ. ಮೀನ ತಂದೀರೇನ್ರಿ ಮತ್ತ?"

ನಾನು ಕೂತು, ಅವಳ ಮುಖ ನೋಡದೆ ಎಲ್ಲ ಹೇಳಿದೆ. ತಾಮ್ರ, ಕೊಡ, ಅಂಗಡಿಯ ಪರೀಕ್ಷೆ. "ನೀನಲ್ಲ ಸಾಬಮ್ಮ. ನೀ ಹೇಳಿದ್ದೇ ಖರೆ. ನಾನೇ ಕೊಂದದ್ದು. ತಪ್ಪಾಯ್ತು ಮಾರಾಯ್ತಿ."

ಅವಳು ಮುಖವೆಲ್ಲ ಅರಳಿ, "ಕೇಳಿದೇನ ಭೀಮವ್ವ? ನಾ ಅಲ್ಲಂತ! ನಾ ಅಂದಿದ್ದಿಲ್ಲೇನ, ಅಕ್ಕೋರಿಗಿ ಒಂದಿನ ತಿಳೀತೈತಿ ಅಂತ?" ಎಂದಳು. ಕಣ್ಣು ಒರೆಸಿಕೊಂಡಳು. ಹಿಟ್ಟಿನ ಕೈ, ಕೆನ್ನೆಗೆಲ್ಲ ಹಿಟ್ಟಾಯಿತು. "ಅವರಿಗೆಲ್ಲ ಹೇಳೀರಲ್ರಿ? ಆ ನಾಕೂ ಮನಿಯವ್ರಿಗಿ?"

"ಹೇಳ್ತೆ. ಹೇಳ್ಬೇಕು."

"ಇನ್ನs ಹೇಳಿಲ್ರಿ?"

ನಾನು ಕೂತ ಚೀಲದ ಅಂಚಿನ ನೂಲು ಕೀಳತೊಡಗಿದೆ.

"ನಿಮಗ ಯಾವಾಗ ಗೊತ್ತಾತ್ರಿ ಇದು?"

ಸುಳ್ಳು ಹೇಳಬಹುದಿತ್ತು. ಯಾಕೋ ಆಗಲಿಲ್ಲ. "ಸಂಕ್ರಾಂತಿಗೆ ಮೊದಲೇ" ಎಂದೆ.

ಅವಳು ಒಲೆಯ ಕಡೆ ತಿರುಗಿ ಒಂದು ಕೊಳ್ಳಿಯನ್ನು ಒಳಗೆ ದೂಡಿದಳು. ಸಂಕ್ರಾಂತಿಯಿಂದ ಯುಗಾದಿಗೆ ಎಷ್ಟು ದಿನ ಗಾರೆ ಹೊತ್ತಳೆಂದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೈಯ ಹಿಟ್ಟು ಉದುರಿಸಿಕೊಂಡು, ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ನಾನೂ ಎದ್ದೆ.

"ಮತ್ತೆ ಬಾ ಸಾಬಮ್ಮ. ಗೇಟಲ್ಲಿ ನಾನೇ ಹೇಳ್ತೆ."

"ಪರ್ವಾಲೇದು ಮೇಡಮ್," ಎಂದಳು ಅವಳು. "ಮಾಕು ಪನಿ ಉಂದಿ. ಮೀರು ವೆಳ್ಳಂಡಿ."

ಪರವಾಗಿಲ್ಲ ಮೇಡಮ್, ನಮಗೆ ಕೆಲಸ ಇದೆ, ನೀವು ಹೊರಡಿ. ದನಿಯಲ್ಲಿ ಸಿಟ್ಟಿರಲಿಲ್ಲ. ಹೈದರಾಬಾದಿನಲ್ಲಿ ಯಾವ ಮನೆಯ ಯಾವ ಮೇಡಮ್ಮಿಗಾದರೂ ಅವಳು ಕೊಡುತ್ತಿದ್ದಷ್ಟೇ ಮರ್ಯಾದೆ ಇತ್ತು.

"ಕನ್ನಡದಲ್ಲಿ ಮಾತಾಡೇ, ಸಾಬಮ್ಮ" ಎಂದೆ.

ಅವಳು ನನ್ನನ್ನು ದಾಟಿ ಒಲೆಯ ಕಡೆ ನೋಡಿ, "ಭೀಮವ್ವ, ರೊಟ್ಟಿ ಹೊತ್ತಾಕತ್ತೈತಿ, ತಿರವಿ ಹಾಕ" ಎಂದಳು. ಮತ್ತೆ ನನ್ನ ಕಡೆ ತಿರುಗಿ, ನಾನು ಹೋಗುವುದನ್ನೇ ಕಾಯುತ್ತ, "ಆಟೋ ಅಕ್ಕಡ ದೊರುಕುತುಂದಿ ಮೇಡಮ್" ಎಂದು ರಸ್ತೆಯ ಕಡೆ ಕೈ ತೋರಿಸಿದಳು.

ನಾನೂ ತೆಲುಗಿನಲ್ಲೇ "ಸರೇ" ಎಂದೆ.